ಏಳನ್ನು ಬಿಟ್ಟು ಎಣಿಸಿದ ರಾಜ್ಯ

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಕೇಳಿದರೆ ಲೆಕ್ಕ ಬಲ್ಲವರೂ ಕೈಯಾಡಿಸಿ ಸುಮ್ಮನಾಗುವಷ್ಟು ಹಿಂದೆ, ತೆನೆಗೋಡು ಎಂಬ ಒಂದು ರಾಜ್ಯವಿತ್ತು. ಅಲ್ಲಿನ ನೆಲ ಒಳ್ಳೆಯದು, ನೀರು ಒಳ್ಳೆಯದು, ಜನ ಮೈಮುರಿದು ದುಡಿಯುವವರು. ದೋಷವೆಂದರೆ ಒಂದೇ. ಅವರು ಏಳು ಎಂಬ ಸಂಖ್ಯೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ.

ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ‘ಲಾಭ’ ಎನ್ನುತ್ತಿದ್ದರು. ಆಮೇಲೆ ಎರಡು, ಮೂರು, ನಾಲ್ಕು, ಐದು, ಆರು. ಅಲ್ಲಿಗೆ ಬಂದು ಉಗುಳು ನುಂಗಿ ‘ಆರರ ಮೇಲೊಂದು’ ಎನ್ನುತ್ತಿದ್ದರು. ಆಮೇಲೆ ಎಂಟು. ರಾಶಿಯ ಮುಂದೆ ನಿಂತು ‘ಏಳು’ ಎಂದರೆ ಅದರಲ್ಲಿ ಕೂತಿರುವ ಲಕ್ಷ್ಮಿ ತನಗೇ ಹೇಳಿದರೆಂದುಕೊಂಡು ಎದ್ದು ಹೊರಟುಹೋಗುತ್ತಾಳೆ ಎಂಬ ಭಯ. ಕಣದಲ್ಲಿ ಹುಟ್ಟಿದ ಆ ಭಯ ಅಡುಗೆಮನೆಗೆ ಬಂತು, ಅಲ್ಲಿಂದ ಮಕ್ಕಳು ಓದುವ ಜಗಲಿಗೂ ಬಂತು. ಮಕ್ಕಳು ಆರರ ಮಗ್ಗಿ ಮುಗಿಸಿ ನೇರವಾಗಿ ಎಂಟರ ಮಗ್ಗಿಗೆ ಹಾರುತ್ತಿದ್ದರು. ಬೆಳಿಗ್ಗೆ ಮಲಗಿದವರನ್ನು ಎಬ್ಬಿಸುವಾಗಲೂ ‘ಬೆಳಗಾಯ್ತು’ ಎನ್ನುತ್ತಿದ್ದರೇ ಹೊರತು ಆ ಮಾತು ಆಡುತ್ತಿರಲಿಲ್ಲ. ಪ್ರೀತಿಯವರಿಗೆ ‘ಏಳು’ ಎಂದರೆ ಅವರು ಎದ್ದೇ ಹೋಗುತ್ತಾರೆ, ಮತ್ತೆ ತಿರುಗಿ ಬರುವುದಿಲ್ಲ ಎಂದು ನಂಬಿದ್ದರು. ನಮಗೇನು, ನಾವು ಬೇಕಾದಷ್ಟು ಸಲ ಹೇಳಬಹುದು. ಅವರಿಗೆ ಆಗುತ್ತಿರಲಿಲ್ಲ.

ಆ ನಂಬಿಕೆಗೆ ಅರಮನೆಯೇ ಸಾಕ್ಷಿ ಎಂದು ಜನ ಹೇಳುತ್ತಿದ್ದರು. ಹಿಂದಿನ ರಾಣಿ ಬೇರೆ ದೇಶದಿಂದ ಮದುವೆಯಾಗಿ ಬಂದವಳು. ಒಂದು ಸುಗ್ಗಿಯಲ್ಲಿ ರಾಶಿಪೂಜೆಗೆ ಬಂದು, ಅಳೆಯುವವರ ಜೊತೆ ತಾನೂ ಎಣಿಸುತ್ತ, ಬಾಯಿತಪ್ಪಿ ಏಳು ಅಂದುಬಿಟ್ಟಳು. ಅದೇ ವರ್ಷ ಜ್ವರ ಬಂದು ತೀರಿಕೊಂಡಳು. ಆ ಜ್ವರ ಆ ವರ್ಷ ಊರಿಗೆಲ್ಲ ಬಂದಿತ್ತು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಲಚ್ಚಲೆ, ಚಿಕ್ಕವಳು ಹರಿಯಲೆ. ತಂದೆ ಮೊದಲೇ ಇರಲಿಲ್ಲ. ಲಚ್ಚಲೆ ಪಟ್ಟವೇರಿ ರಾಣಿಯಾದಳು, ತಂಗಿಗೆ ತಾಯಿಯೂ ಆದಳು. ಅವಳೇ ತಂಗಿಯ ತಲೆ ಬಾಚಿದಳು, ತುತ್ತು ಮಾಡಿ ಉಣ್ಣಿಸಿದಳು, ಲೆಕ್ಕ ಹೇಳಿಕೊಟ್ಟಳು.

ಇಂಥ ರಾಜ್ಯಕ್ಕೆ ಜೊಂಪಯ್ಯ ಎಂಬ ಮಾಂತ್ರಿಕ ಬಂದ. ಹೆಸರು ಜೊಂಪಯ್ಯ, ಆದರೆ ಜೊಂಪು ಅವನ ಕಣ್ಣಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಯಾವ ಕಾಲದಲ್ಲಿ ಯಾವ ಮಂತ್ರವನ್ನು ತಪ್ಪಾಗಿ ಹೇಳಿದ್ದನೋ, ಅಂದಿನಿಂದ ಅವನಿಗೆ ನಿದ್ದೆಯಿಲ್ಲ. ಊರೂರು ತಿರುಗಿ ಬೇರೆಯವರ ನಿದ್ದೆ ಕದ್ದು ಬದುಕುತ್ತಿದ್ದ. ಅವನು ಕಣದ ಬದಿಯಲ್ಲಿ ನಿಂತು ಇವರು ಎಣಿಸುವುದನ್ನು ಕೇಳಿದ. ನಂಬಿಕೆ ಬಾರದೆ ಇನ್ನೊಂದು ಸಲ ಕೇಳಿದ. ಆಮೇಲೆ ನಕ್ಕ. ನಿದ್ದೆಗೆಟ್ಟವನ ನಗು ನೋಡಲು ಚೆನ್ನಾಗಿರುವುದಿಲ್ಲ.

ಅಂದು ಸಂಜೆಯೇ ಮಾಟ ಹಾಕಿದ. ತೆನೆಗೋಡಿನ ಜನ ಎಲ್ಲಿ ಕೂತರೂ, ಎಲ್ಲಿ ಮಲಗಿದರೂ, ಮತ್ತೆ ಮೇಲೇಳಲಾರರು. ನೆಲವಾಗಲಿ, ಮಂಚವಾಗಲಿ, ಸಿಂಹಾಸನವಾಗಲಿ, ಎಲ್ಲಕ್ಕೂ ಒಂದೇ. ಕೂತವರ ಪಾದ ಮೊದಲು ಕಲ್ಲಾಗುತ್ತದೆ, ಆಮೇಲೆ ಮೊಣಕಾಲು, ಆಮೇಲೆ ಸೊಂಟ. ಹೀಗೆ ನಿಧಾನವಾಗಿ ಮೇಲೆ ಬಂದು ಬಾಯಿ ಮುಟ್ಟಿದರೆ ಅಲ್ಲಿಗೆ ಮುಗಿಯಿತು. ಅವರಿಗೆ ಸಿಗಬೇಕಾದ ವಿಶ್ರಾಂತಿಯೆಲ್ಲ ಬೋಳುಬೆಟ್ಟದ ಮೇಲಿರುವ ಜೊಂಪಯ್ಯನಿಗೆ ಹೋಗುತ್ತದೆ.

ಮಾಟಕ್ಕೆ ಬೀಗ ಹಾಕಿದವನು ಅದರ ಕೀಲಿಯನ್ನೂ ಎಲ್ಲಾದರೂ ಇಡಲೇಬೇಕು, ಅದು ಮಾಂತ್ರಿಕರ ಕಟ್ಟಳೆ. ಹಾಗಾಗಿ ಅವನು ಕೋಟೆಬಾಗಿಲ ಮುಂದೆ ನಿಂತು ಕೂಗಿ ಹೇಳಿದ.

“ನನ್ನ ಬೆಟ್ಟದ ಮೇಲೆ ಗುಲಗಂಜಿಯ ರಾಶಿ ಇದೆ. ಎಂಟು ಲಕ್ಷ ಇಪ್ಪತ್ತಮೂರು ಸಾವಿರದ ಐನೂರ ನಲವತ್ತಮೂರು ಗುಲಗಂಜಿ. ಯಾರಾದರೂ ಬಂದು ಸಮಪಾಲು ಮಾಡಿ. ಒಂದೂ ಮಿಗಬಾರದು. ಪಾಲು ಹತ್ತು ಬೆರಳಿಗೆ ಮೀರಬಾರದು. ಎಷ್ಟು ಪಾಲು ಅಂತ ಬಾಯಿಬಿಟ್ಟು ಹೇಳಿ, ಒಂದು ಪಾಲು ಇಟ್ಕೊಂಡು ಮಿಕ್ಕದ್ದು ಬಿಡಿ. ಇಟ್ಕೊಂಡದ್ದನ್ನ ಮತ್ತೆ ಹಾಗೇ ಪಾಲು ಮಾಡಿ. ಕೊನೆಗೆ ಒಂದೇ ಒಂದು ಗುಲಗಂಜಿ ಉಳಿದರೆ ನನ್ನ ಮಾಟ ಬಿಟ್ಟುಹೋಗುತ್ತೆ.”

ಆಸ್ಥಾನದ ಪಂಡಿತರು ಬೆರಳು ಬಿಡಿಸಿ ಎಣಿಸಿದರು. ಎರಡು ಪಾಲು ಹಾಕಿದರೆ ಒಂದು ಮಿಕ್ಕಿತು. ಮೂರು ಹಾಕಿದರೂ ಒಂದು ಮಿಕ್ಕಿತು. ನಾಲ್ಕಕ್ಕೆ ಮೂರು, ಐದಕ್ಕೆ ಮೂರು, ಆರಕ್ಕೆ ಒಂದು. ಮುಂದಿನ ಬೆರಳನ್ನು ಸುಮ್ಮನೆ ಮಡಿಸಿ ಎಂಟಕ್ಕೆ ಹೋದರು. ಎಂಟು ಪಾಲು ಹಾಕಿದರೆ ಮಿಕ್ಕದ್ದು ಆರರ ಮೇಲೊಂದು. ಒಂಬತ್ತು ಹಾಕಿದರೂ ಮಿಕ್ಕದ್ದು ಆರರ ಮೇಲೊಂದು. ಹತ್ತು ಹಾಕಿದರೆ ಮೂರು. ನೆಮ್ಮದಿಯಾಗಿ ಕೂತು ಲೆಕ್ಕ ಮಾಡಿದ್ದರೆ ಯಾರಿಗಾದರೂ ಏನಾದರೂ ಹೊಳೆಯುತ್ತಿತ್ತೋ ಏನೋ. ನಿಂತು ನಿಂತು ಕಾಲು ಬಾತವರ ಲೆಕ್ಕ ಅದು. ಇದು ಒಡೆಯದ ಸಂಖ್ಯೆ ಎಂದು ಕೈಚೆಲ್ಲಿದರು.

ಆಮೇಲೆ ತೆನೆಗೋಡು ನಿಂತೇ ಬದುಕಿತು. ನಿಂತು ಉಂಡರು, ನಿಂತು ಮಗುವಿಗೆ ಹಾಲು ಕುಡಿಸಿದರು, ನಿಂತೇ ಸತ್ತವರಿಗೆ ಅತ್ತರು. ನಿದ್ದೆ ಬಂದರೆ ಸೊಂಟಕ್ಕೆ ಹಗ್ಗ ಸುತ್ತಿ ಕಂಬಕ್ಕೆ ಕಟ್ಟಿಕೊಂಡರು. ಅದೂ ಒಂದು ನಿದ್ದೆಯೇ? ಊರಲ್ಲಿ ಯಾರೂ ಜಗಳವಾಡುತ್ತಿರಲಿಲ್ಲ, ಯಾರಿಗೂ ಅಷ್ಟು ಶಕ್ತಿ ಇರಲಿಲ್ಲ. ಮಾತಾಡುತ್ತ ಮಾತಾಡುತ್ತ ವಾಕ್ಯದ ನಡುವೆ ನಿಲ್ಲಿಸಿ, ಹೋಗಲಿ ಬಿಡು ಎಂದು ಗೋಡೆಗೆ ಒರಗುತ್ತಿದ್ದರು.

ಒಂದು ಮಾತ್ರ ಮಾಂತ್ರಿಕನ ಕೈಮೀರಿತ್ತು. ಕೂತವರ ಮಡಿಲಲ್ಲಿ ಮಲಗಿದವರಿಗೆ ಮಾಟ ತಟ್ಟುತ್ತಿರಲಿಲ್ಲ. ಇದು ತಿಳಿದ ಮೇಲೆ ಮನೆಮನೆಯಲ್ಲೂ ಒಬ್ಬೊಬ್ಬರು ಕೂರತೊಡಗಿದರು. ಯಾರೂ ಅವರಿಗೆ ಹೇಳಲಿಲ್ಲ, ಯಾರೂ ತಡೆಯಲೂ ಇಲ್ಲ. ಮನೆಯ ಹಿರಿಯಳೋ, ಸೋದರಮಾವನೋ, ಒಂದು ದಿನ ‘ನಾನು ಕೂರ್ತೀನಿ, ಮಕ್ಕಳು ಮಲಗಲಿ’ ಎಂದು ಕೂತುಬಿಡುತ್ತಿದ್ದರು. ತೊಡೆ ಕಲ್ಲಾಗುವವರೆಗೆ ಮಕ್ಕಳು ಸರದಿಯ ಮೇಲೆ ನಿದ್ದೆ ಮಾಡುತ್ತಿದ್ದರು. ಅದು ಕಲ್ಲಾದ ಮೇಲೆ ಇನ್ನೊಬ್ಬರು ಕೂರಬೇಕಾಗುತ್ತಿತ್ತು.

ಅರಮನೆಯಲ್ಲಿ ಹರಿಯಲೆ ನಡೆಯುತ್ತ ನಡೆಯುತ್ತಲೇ ನಿದ್ದೆಗೆ ಜಾರುತ್ತಿದ್ದಳು. ಒಂದು ದಿನ ಮೆಟ್ಟಿಲ ಹತ್ತಿರ ಮಂಡಿ ಕುಸಿದು ಇನ್ನೇನು ಕೂರಬೇಕು ಎನ್ನುವಾಗ ಲಚ್ಚಲೆ ಓಡಿಬಂದು ಅವಳ ತೋಳು ಹಿಡಿದಳು. ಹಿಡಿದುಕೊಂಡೇ ತಾನು ಕಂಬದ ಬುಡದಲ್ಲಿ ಕೂತಳು.

“ಬಾ, ಮಲಕ್ಕೋ.”

“ಅಕ್ಕ, ಏನು ಮಾಡಿದೆ ನೀನು? ಬೇಡ.”

“ಕೂತಾಯ್ತಲ್ಲ. ಇನ್ನು ಬೇಡ ಅಂದ್ರೆ ಕೂತದ್ದೂ ದಂಡ. ಮಲಕ್ಕೋ ಸುಮ್ಮನೆ.”

ಹರಿಯಲೆಗೆ ಇನ್ನೂ ಏನೇನೋ ಹೇಳಬೇಕೆಂದಿತ್ತು. ಆದರೆ ತಲೆ ಮಡಿಲಿಗೆ ತಾಗಿದ್ದೇ ತಡ, ನಿದ್ದೆ ಬಂತು. ಅಂಥ ನಿದ್ದೆ ಅವಳಿಗೆ ಹುಟ್ಟಿದ ಮೇಲೆ ಬಂದಿರಲಿಲ್ಲ. ಎಚ್ಚರವಾದಾಗ ಕೆನ್ನೆಗೆ ಏನೋ ತಣ್ಣಗೆ, ಗಡುಸಾಗಿ ತಾಗಿತು.

“ನನ್ನ ತೊಡೆ ಒತ್ತುತ್ತಾ ನಿಂಗೆ?” ಎಂದು ಲಚ್ಚಲೆ ಕೇಳಿದಳು.

ಹರಿಯಲೆ ಎದ್ದು ನಿಂತಳು. ಅಕ್ಕನ ಸೊಂಟದವರೆಗೆ ಕಲ್ಲು ಬಂದಿತ್ತು. ತಾನು ಮಲಗಿದ್ದಕ್ಕೆ ಅಕ್ಕ ಹೀಗಾದಳು ಎಂಬುದು ಅವಳ ಎದೆಯಲ್ಲಿ ಕೂತುಬಿಟ್ಟಿತು. ಅಂದೇ ಅವಳು ಬೋಳುಬೆಟ್ಟದ ದಾರಿ ಹಿಡಿದಳು. ಬೀಳ್ಕೊಡಲು ಯಾರೂ ಬರಲಿಲ್ಲ. ಬರಬೇಕೆಂದು ಹೊರಟವರು ಅರ್ಧ ದಾರಿಯಲ್ಲಿ ಗೋಡೆಗೆ ಒರಗಿ ನಿಂತಿದ್ದರು.

ದಾರಿಯಲ್ಲಿ ಸೆರಗಿನಿಂದ ಮರಕ್ಕೆ ಕಟ್ಟಿಕೊಂಡು ತೂಕಡಿಸಿ, ಮತ್ತೆ ನಡೆದು, ಬೆಟ್ಟದ ಬುಡ ಮುಟ್ಟಿದಳು. ಅಲ್ಲಿ ಎರಡು ತಲೆಯ ಕರಡಿಯೊಂದು ದಾರಿಗೆ ಅಡ್ಡವಾಗಿ ಕೂತಿತ್ತು. ಅದರ ಮುಂದೆ ಗುಲಗಂಜಿಯ ದೊಡ್ಡ ರಾಶಿ. ಎರಡು ಪಂಜದಿಂದ ಎರಡು ಕಡೆಗೆ ಒಂದೊಂದೇ ಬೀಜ ಸರಿಸುತ್ತಿತ್ತು.

“ಯಾರು ಬಂದರೂ ತಿಂದುಬಿಡು ಅಂತ ಅಪ್ಪಣೆಯಿದೆ,” ಎಂದಿತು ಎಡಗಡೆಯ ತಲೆ. “ಆದ್ರೆ ಈಗ ತಿನ್ನೋಕೆ ಹೋದ್ರೆ ಎಣಿಕೆ ತಪ್ಪುತ್ತೆ. ಸ್ವಲ್ಪ ನಿಂತಿರು.”

“ಏನು ಎಣಿಸ್ತಿದ್ದೀಯ?”

“ಬೆಟ್ಟದ ಮೇಲಿನ ರಾಶಿಯಷ್ಟೇ ಬೀಜ ಕೊಟ್ಟಿದ್ದಾನೆ. ನಮ್ಮಿಬ್ಬರಿಗೂ ಸಮ ಬಂದ್ರೆ ಬಿಡುಗಡೆ ಅಂದಿದ್ದಾನೆ. ಪ್ರತಿ ಸಲ ಒಂದು ಮಿಗುತ್ತೆ. ಆ ಒಂದಕ್ಕೆ ಇವನಿಗೂ ನನಗೂ ಜಗಳ. ಜಗಳದಲ್ಲಿ ರಾಶಿ ಕಲೆಸಿಹೋಗುತ್ತೆ. ಮತ್ತೆ ಮೊದಲಿಂದ.”

ಹರಿಯಲೆ ಮರಕ್ಕೆ ಒರಗಿ ನಿಂತಳು. “ಲಕ್ಷ, ಸಾವಿರ, ನೂರು, ಹತ್ತು, ಇವೆಲ್ಲ ಜೋಡಿ ಜೋಡಿಯಾಗಿ ಪೂರಾ ಹೋಗ್ತಾವೆ. ಕೊನೆಗೆ ಉಳಿಯೋದು ಮೂರು. ಮೂರರಲ್ಲಿ ಒಂದು ಜೋಡಿ ಹೋಗಿ ಒಂದು ಉಳಿಯುತ್ತೆ. ಇವತ್ತೂ ಉಳಿಯುತ್ತೆ, ಮುಂದಿನ ವರ್ಷವೂ ಉಳಿಯುತ್ತೆ.”

“ಯಾವತ್ತೂ ಸಮ ಬರಲ್ವಾ?”

“ಬರಲ್ಲ. ನಿಮ್ಮ ತಪ್ಪೇನಿಲ್ಲ. ಆ ಸಂಖ್ಯೆ ಇರೋದೇ ಹಾಗೆ.”

ಎರಡು ತಲೆಗಳೂ ಒಂದನ್ನೊಂದು ನೋಡಿಕೊಂಡವು. “ಹಾಗಾದ್ರೆ ಬಿಟ್ಟುಬಿಡಬಹುದು,” ಎಂದಿತು ಬಲಗಡೆಯ ತಲೆ. ಅಷ್ಟು ದಿನ ಅದಕ್ಕೆ ಯಾರೂ ಈ ಮಾತು ಹೇಳಿರಲಿಲ್ಲ. ಕರಡಿ ಪಂಜದ ಮೇಲೆ ಎರಡು ತಲೆಯನ್ನೂ ಇಟ್ಟು ಮಲಗಿತು. ಮಾಟ ಇದ್ದದ್ದು ತೆನೆಗೋಡಿನ ಜನಕ್ಕೆ, ಕರಡಿಗಲ್ಲ. ಹರಿಯಲೆ ಅದನ್ನು ಸುತ್ತುಹಾಕಿಕೊಂಡು ಮೇಲೆ ಹೋದಳು. ಮಲಗಿದ ಕರಡಿಯ ಮೇಲೆ ಅವಳಿಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಬೆಟ್ಟದ ನಡುವೆ ಮೂರು ತಲೆಯ ತೋಳ. ಅದರ ಮುಂದೆಯೂ ಅಂಥದೇ ರಾಶಿ. ಒಂದು ತಲೆ ಎಣಿಸುತ್ತಿತ್ತು, ಒಂದು ತಲೆ ನೋಡುತ್ತಿತ್ತು, ಇನ್ನೊಂದು ಕಣ್ಣು ತೆರೆದೇ ನಿದ್ದೆಹೋಗಿತ್ತು.

“ತಿನ್ನೋದಾದ್ರೆ ಬೇಗ ತಿನ್ನು,” ಎಂದಳು ಹರಿಯಲೆ. “ಇಲ್ಲದಿದ್ರೆ ನಿಂಗೂ ಸಮಪಾಲು ಬರಲ್ಲ ಅಂತ ಹೇಳಿ ಹೋಗ್ತೀನಿ.”

“ಬರಲ್ಲ ಅಂತ ನಿಂಗೆ ಹೇಗೆ ಗೊತ್ತು? ರಾಶಿ ಮುಟ್ಟೇ ಇಲ್ಲ ನೀನು.”

“ಮುಟ್ಟೋದು ಬೇಡ. ಅಕ್ಕ ಹೇಳಿಕೊಟ್ಟಿದ್ದಾಳೆ. ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡಬೇಕು. ಬಂದದ್ದು ಮೂರರ ಮಗ್ಗಿಯಲ್ಲಿದ್ರೆ ಸಂಖ್ಯೆಯೂ ಮೂರರಲ್ಲಿ ಹೋಗುತ್ತೆ, ಇಲ್ಲದಿದ್ರೆ ಇಲ್ಲ. ಎಂಟು, ಎರಡು, ಮೂರು, ಐದು, ನಾಲ್ಕು, ಮೂರು. ಎಲ್ಲ ಸೇರಿ ಇಪ್ಪತ್ತೈದು. ಅದನ್ನೂ ಕೂಡಿದ್ರೆ, ಎರಡು ಮತ್ತೆ ಐದು...”

ಅಲ್ಲಿಗೆ ನಿಂತಳು. ನಾಲಿಗೆ ತಾನಾಗಿಯೇ ಹಿಂದೆ ಸರಿಯಿತು.

“ಎಷ್ಟಾಯ್ತು?” ಎಂದಿತು ತೋಳ.

“ಆರರ ಮೇಲೊಂದು. ಮೂರರಲ್ಲಿ ಹೋಗಲ್ಲ. ಒಂದು ಉಳಿಯುತ್ತೆ.”

ತೋಳದ ಮೂರು ತಲೆಗಳೂ ನಿಟ್ಟುಸಿರುಬಿಟ್ಟವು. ಎಣಿಸುತ್ತಿದ್ದ ತಲೆ ಬೀಜಗಳನ್ನು ಮೂತಿಯಿಂದ ತಳ್ಳಿತು. ಅವು ಬೆಟ್ಟದಿಂದ ಕೆಳಗೆ ಉರುಳಿಹೋದವು. ತೋಳ ಅವನ್ನು ಹಿಂತಿರುಗಿಯೂ ನೋಡದೆ ಒಂದು ಬಂಡೆಯ ನೆರಳಿಗೆ ಹೋಗಿ ಮುದುಡಿಕೊಂಡಿತು. ಹರಿಯಲೆ ಮಾತ್ರ ಅಲ್ಲೇ ನಿಂತಿದ್ದಳು. ಅಂಕಿ ಕೂಡಿದಾಗ ಆ ಸಂಖ್ಯೆ ಬಂತೆಂದ ಮಾತ್ರಕ್ಕೆ ಅದರಲ್ಲಿ ಪಾಲು ಹೋಗುತ್ತದೆಂದೇನೂ ಇಲ್ಲ, ಅದು ಅವಳಿಗೆ ಗೊತ್ತಿತ್ತು. ಆದರೆ ಆ ಹೆಸರು ನೆನಪಾಗಿಬಿಟ್ಟಿತ್ತು. ನೆನಪಾದದ್ದನ್ನು ಮರೆಯಲು ಯತ್ನಿಸುತ್ತ ಹತ್ತಿದಳು.

ತುದಿಗೆ ಸ್ವಲ್ಪ ಕೆಳಗೆ ಐದು ಹೆಡೆಯ ಸರ್ಪ ಸುತ್ತಿಕೊಂಡಿತ್ತು. ಅದು ಮುದಿ ಸರ್ಪ. ಅದರ ರಾಶಿ ಐದು ಗುಡ್ಡೆಯಾಗಿತ್ತು, ಪಕ್ಕದಲ್ಲಿ ಮೂರು ಬೀಜ ಬೇರೆ ಬಿದ್ದಿದ್ದವು. ಸರ್ಪ ಆ ಮೂರನ್ನೇ ನೋಡುತ್ತಿತ್ತು.

“ನಂಗೆ ಎಣಿಸೋಕೆ ಬರಲ್ಲ,” ಎಂದಿತು. “ಎಷ್ಟು ಸಲ ಮಾಡಿದ್ರೂ ಮೂರು ಮಿಗಿಸ್ತೀನಿ. ಎಲ್ಲಿ ತಪ್ತೀನೋ ಗೊತ್ತಾಗ್ತಿಲ್ಲ.”

“ತಪ್ಪಿಲ್ಲ ತಾತ. ಐದರಲ್ಲಿ ಹೋಗಬೇಕಾದ್ರೆ ಕೊನೆಗೆ ಸೊನ್ನೆ ಇರಬೇಕು, ಇಲ್ಲ ಐದಿರಬೇಕು. ಇದರ ಕೊನೆಗೆ ಮೂರಿದೆ. ನೀನು ಪ್ರತಿ ಸಲವೂ ಸರಿಯಾಗೇ ಎಣಿಸಿದ್ದೀಯ.”

ಸರ್ಪದ ಐದು ಹೆಡೆಗಳೂ ಬಾಗಿದವು, ಹತ್ತು ಕಣ್ಣಲ್ಲೂ ನೀರು ಬಂತು. ತಪ್ಪು ತನ್ನದೇ ಎಂದು ಅಷ್ಟು ಕಾಲ ಒಳಗೊಳಗೇ ಕೊರಗಿದ್ದ ಪ್ರಾಣಿ ಅದು. ಆಮೇಲೆ ಹೇಳಿತು.

“ಮಗಳೇ, ನಿಮ್ಮ ಪಂಡಿತರು ಎಣಿಸೋದನ್ನ ಈ ಎತ್ತರದಿಂದ ನೋಡಿದ್ದೀನಿ. ಹತ್ತು ಬೆರಳಲ್ಲಿ ಒಂದನ್ನ ಸುಮ್ಮನೆ ಮಡಿಸ್ತಾರೆ. ಆ ಬೆರಳಿಗೆ ಏನಾಗಿದೆ?”

ಹರಿಯಲೆ ತನ್ನ ಬೆರಳುಗಳನ್ನು ನೋಡಿಕೊಂಡಳು. ಸರ್ಪ ಸರಿದು ದಾರಿ ಬಿಟ್ಟಿತು. ನಾಲ್ಕು 
ಹೆಜ್ಜೆ ಹೋದವಳು ನಿಂತು, ಕೂರುವಂತಿಲ್ಲವಲ್ಲ, ಕಾಲ್ಬೆರಳಿನಿಂದ ಮಣ್ಣಿನ ಮೇಲೆ ಆ ದೊಡ್ಡ ಸಂಖ್ಯೆಯನ್ನು ಬರೆದಳು. ಯಾರೂ ಕಲಿಸದಿದ್ದ ಮಗ್ಗಿಯನ್ನು ಒಂದಕ್ಕೊಂದು ಕೂಡಿಸಿ ಕೂಡಿಸಿ ಕಟ್ಟಿಕೊಂಡು ಭಾಗಿಸಿದಳು. ಒಂದು ಲಕ್ಷ ಹದಿನೇಳು ಸಾವಿರದ ಆರುನೂರ ನಲವತ್ತೊಂಬತ್ತು ಬಂತು. ಏನೂ ಮಿಗಲಿಲ್ಲ. ಅದನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದಳು. ಹದಿನಾರು ಸಾವಿರದ ಎಂಟುನೂರ ಏಳು. ಏನೂ ಮಿಗಲಿಲ್ಲ. ಮತ್ತೆ ಭಾಗಿಸಿದಳು, ಎರಡು ಸಾವಿರದ ನಾನೂರ ಒಂದು. ಮತ್ತೆ, ಮುನ್ನೂರ ನಲವತ್ತಮೂರು. ಮತ್ತೆ, ನಲವತ್ತೊಂಬತ್ತು. ಮುಂದಿನದನ್ನು ಬರೆಯುವ ಅಗತ್ಯವಿರಲಿಲ್ಲ.

ಎಂಟು ಲಕ್ಷ ಇಪ್ಪತ್ತಮೂರು ಸಾವಿರದ ಐನೂರ ನಲವತ್ತಮೂರು. ಹೆಸರಿನಲ್ಲಿ ಎಂಟಿದೆ, ಮೂರಿದೆ, ಐದಿದೆ, ನಲವತ್ತಿದೆ, ಏಳು ಮಾತ್ರ ಇಲ್ಲ. ಬಿಡಿಸಿ ಒಳಗೆ ನೋಡಿದರೆ ಏಳನ್ನು ಬಿಟ್ಟು ಬೇರೇನೂ ಇಲ್ಲ. ಏಳನ್ನು ಏಳೇಳಾಗಿ ಏಳು ಸಲ ಹೆಣೆದ ಸಂಖ್ಯೆ ಅದು. ಗೊತ್ತಾದ ಸಂತೋಷ ಹರಿಯಲೆಗೆ ಆಗಲಿಲ್ಲ. ಅಮ್ಮ ಒಂದು ಸಲ ಅಂದದ್ದಕ್ಕೆ ಮನೆ ಹಾಗಾಯಿತು. ತಾನೀಗ ಅದನ್ನೇ ಬಾಯಿಬಿಟ್ಟು ಏಳು ಸಲ ಅನ್ನಬೇಕು.

ಬೆಟ್ಟದ ತುದಿಯಲ್ಲಿ ತೂಗುಮಂಚದ ಮೇಲೆ ಜೊಂಪಯ್ಯ ಮಲಗಿದ್ದ. ಮಲಗಿದ್ದ ಅಷ್ಟೇ, ಕಣ್ಣು ಕೆಂಡದಂತೆ ಕೆಂಪಗಿದ್ದವು. ಊರಿನ ನಿದ್ದೆಯೆಲ್ಲ ಬಂದು ಅವನ ಮೇಲೆ ಬೀಳುತ್ತಿತ್ತು, ಒಂದೂ ಅವನಿಗೆ ಹತ್ತುತ್ತಿರಲಿಲ್ಲ. ಮಂಚದ ಪಕ್ಕದಲ್ಲಿ ರಾಶಿ ಕೆಂಪಗೆ ಹೊಳೆಯುತ್ತಿತ್ತು.

“ಬಂದ್ಯಾ,” ಎಂದ, ತಲೆ ಎತ್ತದೆ. “ಪಾಲು ಎಷ್ಟು?”

“ಆರರ ಮೇಲೊಂದು.”

“ಅದು ಹೆಸರಲ್ಲ. ಹೆಸರು ಹೇಳು.”

ಹರಿಯಲೆ ರಾಶಿಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಮಾಂತ್ರಿಕ ಪಕ್ಕಕ್ಕೆ ಹೊರಳಿ ಅವಳನ್ನು ನೋಡಿದ.

“ನಿಮ್ಮವರನ್ನ ನಾನು ಬಲ್ಲೆ. ಹೇಳಿದ್ರೆ ಅಕ್ಕ ಎದ್ದು ಹೋಗ್ತಾಳೆ, ಹೇಳದಿದ್ರೆ ಕಲ್ಲಾಗ್ತಾಳೆ. ಕಲ್ಲಾದ್ರೂ ಮನೇಲೇ ಇರ್ತಾಳಲ್ಲ, ಕಣ್ಣೆದುರಿಗೆ. ಹೂ ಇಟ್ಟು ಕೈ ಮುಗೀಬಹುದು. ಎಷ್ಟು ದೂರ ನಡೆದು ಬಂದಿದ್ದೀಯ, ಪಾಪ. ಅಲ್ಲಿ ಹಾಸಿಗೆ ಹಾಸಿದೆ ನೋಡು. ಕೂತ್ಕೋ.”

ನಿಜವಾಗಿಯೂ ಅಲ್ಲಿ ಒಂದು ಹಾಸಿಗೆ ಇತ್ತು. ಹತ್ತಿಯ ಹಾಸಿಗೆ, ಬಿಳಿ ಹೊದಿಕೆ, ಎರಡು ದಿಂಬು. ಹರಿಯಲೆಗೆ ಆ ಹಾಸಿಗೆಗಿಂತ ಚೆಂದದ್ದು ಲೋಕದಲ್ಲಿ ಏನೂ ಇಲ್ಲವೆನಿಸಿತು. ಕೂತುಬಿಟ್ಟರೆ ಏನಂತೆ? ಆ ಮಾತು ಹೇಳುವ ಕಷ್ಟವಿಲ್ಲ, ಮತ್ತೆ ಅಷ್ಟು ದೂರ ನಡೆಯುವ ಕಷ್ಟವಿಲ್ಲ, ಅಕ್ಕ ಹೋದಳೋ ಇದ್ದಾಳೋ ಎಂದು ನೋಡುವ ಕಷ್ಟವೂ ಇಲ್ಲ. ಅವಳು ಹಾಸಿಗೆಯ ಅಂಚಿನವರೆಗೆ ಹೋದಳು. ಬಗ್ಗಿ ದಿಂಬು ಮುಟ್ಟಿದಳು. ಅದು ಮೆತ್ತಗಿತ್ತು.

ಆಗ ಅವಳಿಗೆ ಸಿಟ್ಟು ಬಂತು. ಜೊಂಪಯ್ಯನ ಮೇಲಲ್ಲ, ತನ್ನ ಮೇಲೆ. ‘ಒತ್ತುತ್ತಾ ನಿಂಗೆ’ ಎಂದು ಕೇಳಿದವಳು ಅಕ್ಕ. ತಾನು ಕಲ್ಲಾಗುತ್ತಿರುವಾಗಲೂ ತಂಗಿಯ ಕೆನ್ನೆಗೆ ನೋವಾದೀತೆಂದು ಕೇಳಿದವಳು. ಅವಳನ್ನು ಇಟ್ಟುಕೊಂಡು ಹೂ ಮುಡಿಸುವುದು ಯಾರ ಸುಖಕ್ಕೆ? ಹೋಗುವುದಿದ್ದರೆ ಅವಳು ತನ್ನ ಕಾಲ ಮೇಲೆ ತಾನು ನಡೆದು ಹೋಗಲಿ. ತನಗೆ ಅಳು ಬಂದರೆ ತಾನು ಅತ್ತುಕೊಂಡರಾಯಿತು.

ಅವಳು ರಾಶಿಯ ಮುಂದೆ ಬಂದು ನಿಂತಳು.

“ಏಳು,” ಎಂದಳು.

ದನಿ ಹೊರಗೆ ಬಂದದ್ದು ಪಿಸುಮಾತಿನಷ್ಟು. ಆದರೂ ರಾಶಿ ಏಳು ಗುಡ್ಡೆಯಾಗಿ ಒಡೆಯಿತು. ಆರು ಗುಡ್ಡೆಗಳು ಗಾಳಿಯಲ್ಲಿ ಹಾರಿಹೋದವು, ಒಂದು ಉಳಿಯಿತು. ಜೊಂಪಯ್ಯ ಎದ್ದು ಕೂತ.

“ಏಳು,” ಎಂದಳು ಮತ್ತೆ. ಉಳಿದ ಗುಡ್ಡೆ ಮತ್ತೆ ಏಳಾಗಿ ಆರು ಹಾರಿಹೋದವು. ಪ್ರತಿ ಸಲವೂ ಅವಳ ಕಣ್ಣ ಮುಂದೆ ಅಕ್ಕನ ಮುಖ ಬರುತ್ತಿತ್ತು. ಪ್ರತಿ ಸಲವೂ ಇದೇ ಕೊನೆಯಿರಬೇಕು, ಈಗ ಹೋಗಿರಬೇಕು ಎನಿಸುತ್ತಿತ್ತು. ಮೂರನೆಯದಕ್ಕೆ ದನಿ ಗಟ್ಟಿಯಾಯಿತು. ನಾಲ್ಕನೆಯದಕ್ಕೆ ಅಳು ಬಂತು, ಅಳುತ್ತಲೇ ಹೇಳಿದಳು. ರಾಶಿ ಹೋಗಿ ಬೊಗಸೆಯಾಯಿತು, ಬೊಗಸೆ ಹೋಗಿ ಹಿಡಿಯಾಯಿತು, ಹಿಡಿ ಹೋಗಿ ಏಳು ಬೀಜವಾಯಿತು. ಮಾಂತ್ರಿಕ ಏನೋ ಮಂತ್ರ ಹೇಳಲು ಬಾಯಿ ತೆರೆದ, ಬಂದದ್ದು ಆಕಳಿಕೆ.

“ಏಳು,” ಎಂದಳು ಕೊನೆಯ ಸಲ. ಒಂದೇ ಒಂದು ಗುಲಗಂಜಿ ಉಳಿಯಿತು.

ಕದ್ದ ನಿದ್ದೆಯೆಲ್ಲ ಬೆಟ್ಟದಿಂದ ಇಳಿದು ಅವರವರ ಮನೆಗೆ ಹೋಯಿತು. ಜೊಂಪಯ್ಯನಿಗೆ ಉಳಿದದ್ದು ಅವನದೇ ಆಯಾಸ, ನೂರಾರು ವರ್ಷದ್ದು. ಅದು ಒಟ್ಟಿಗೆ ಬಂದು ಅವನ ಮೇಲೆ ಬಿತ್ತು. “ಅಯ್ಯೋ, ನಾನು ಸ್ವಲ್ಪ...” ಎನ್ನುತ್ತ ಮಂಚದಿಂದ ಜಾರಿ ನೆಲದ ಮೇಲೆ ಮಲಗಿದ. ಇವತ್ತಿಗೂ ಮಲಗಿಯೇ ಇದ್ದಾನೆ. ಯಾರೂ ಹೋಗಿ ಅವನಿಗೆ ಏಳು ಎನ್ನಲಿಲ್ಲ.

ಹರಿಯಲೆ ಬೆಟ್ಟ ಇಳಿದಳು. ಈಗ ಕೂರಬಹುದಿತ್ತು, ಆದರೆ ಅಕ್ಕನನ್ನು ನೋಡುವವರೆಗೆ ಕೂರಲು ಮನಸ್ಸು ಬರಲಿಲ್ಲ. ಊರು ಸೇರಿದಾಗ ಕಲ್ಲಾಗಿ ಕೂತವರು ಒಬ್ಬರೂ ಉಳಿದಿರಲಿಲ್ಲ. ಜಗಲಿಗಳ ಮೇಲೆ, ಅಂಗಡಿಗಳ ಮುಂದೆ, ಹುಲ್ಲಿನ ಮೆದೆಯ ಮೇಲೆ, ಎಲ್ಲೆಂದರಲ್ಲಿ ಜನ ಮಲಗಿ ಗೊರಕೆ ಹೊಡೆಯುತ್ತಿದ್ದರು. ಪಂಡಿತರು ಒಬ್ಬರ ಹೊಟ್ಟೆಯ ಮೇಲೆ ಇನ್ನೊಬ್ಬರು ತಲೆಯಿಟ್ಟಿದ್ದರು. ಕೋಟೆಯ ಕಾವಲುಗಾರ ಬಾಗಿಲಿಗೆ ಅಡ್ಡವಾಗಿ ಬಿದ್ದುಕೊಂಡಿದ್ದ. ಅಕ್ಕ ಏನಾದಳೆಂದು ಕೇಳೋಣವೆಂದರೆ ಎಚ್ಚರವಿದ್ದವರು ಒಬ್ಬರೂ ಇರಲಿಲ್ಲ. ಹರಿಯಲೆ ಕಾವಲುಗಾರನನ್ನು ದಾಟಿ ಒಳಗೆ ಓಡಿದಳು.

ಕಂಬದ ಬುಡ ಬರಿದಾಗಿತ್ತು.

ಅವಳು ಅಲ್ಲಿ ನಿಂತು ಬರಿಯ ನೆಲವನ್ನು ನೋಡಿದಳು. ಹೇಳಿದ ಹಾಗೇ ಆಯಿತು, ಅಕ್ಕ ಎದ್ದು ಹೋದಳು ಎಂದುಕೊಂಡಳು. ಮಾಟ ಬಿದ್ದ ದಿನದಿಂದ ಮೊದಲ ಬಾರಿಗೆ ನೆಲದ ಮೇಲೆ ಕೂತಳು. ಕೂತು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಅತ್ತಳು.

“ಬಂದವಳು ಕೈಕಾಲು ತೊಳೀಬಾರದಾ,” ಎಂದಿತು ಒಂದು ದನಿ.

ಅಡುಗೆಮನೆಯ ಬಾಗಿಲಲ್ಲಿ ಲಚ್ಚಲೆ ನಿಂತಿದ್ದಳು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಸೆರಗಿನಿಂದ ಹಿಡಿದ ಗಂಜಿಯ ಪಾತ್ರೆ. ಕಣ್ಣ ಕೆಳಗೆ ಕಪ್ಪಾಗಿತ್ತು. ಕಾಲು ಇನ್ನೂ ಜೋಮು ಹಿಡಿದಂತೆ ಎಳೆದು ಎಳೆದು ಇಡುತ್ತಿದ್ದಳು. ಊರೆಲ್ಲ ಮಲಗಿದ ಮೇಲೂ ಅವಳೊಬ್ಬಳು ತಂಗಿ ಹಸಿದು ಬರುತ್ತಾಳೆಂದು ಎಚ್ಚರವಿದ್ದಳು.

ಹರಿಯಲೆ ಮುಖದಿಂದ ಕೈ ತೆಗೆದಳು. ಲಚ್ಚಲೆ ಬಂದು ಪಕ್ಕದಲ್ಲಿ ಕೂತು, ಗಂಜಿಯ ಪಾತ್ರೆಯನ್ನು ಅವಳ ಮುಂದಿಟ್ಟಳು.

“ಕಲ್ಲು ಗದ್ದಕ್ಕೆ ಬಂದಿತ್ತು. ಎಲ್ಲೋ ದೂರದಿಂದ ಯಾರೋ ಕರೆದ ಹಾಗಾಯ್ತು. ನೀನೇನಾ?”

“ನಾನೇ ಅಕ್ಕ.”

“ತುಂಬಾ ಸಲ ಕರೆದೆ, ಅಲ್ವಾ? ನಂಗೆ ಲೆಕ್ಕ ಸಿಗಲಿಲ್ಲ. ಎಷ್ಟು ಸಲ ಕರೆದೆ?”

“ಏಳು.”

“ಎದ್ದಿದ್ದೀನಲ್ಲೇ,” ಎಂದಳು ಲಚ್ಚಲೆ. “ಇನ್ನೂ ಯಾಕೆ ಏಳು ಅಂತೀಯ.”

ಹರಿಯಲೆಗೆ ನಗು ಬಂತು. ಅಳುವಿನ ನಡುವೆಯೇ ಬಂತು, ನಿಲ್ಲಿಸಲಾಗಲಿಲ್ಲ. ಯಾಕೆ ನಗುತ್ತಾಳೆಂದು ತಿಳಿಯದೆ ಲಚ್ಚಲೆ ಅವಳ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು. ಗಂಜಿ ಮುಗಿದ ಮೇಲೆ ಇಬ್ಬರೂ ಅಲ್ಲೇ ಒಂದು ಚಾಪೆ ಹಾಸಿ ಮಲಗಿದರು. ತೆನೆಗೋಡಿನವರು ಆಮೇಲೆ ಬಹಳ ಕಾಲ ಚೆನ್ನಾಗಿ ಬಾಳಿದರು, ಆದರೆ ಅದಕ್ಕೂ ಮೊದಲು ಚೆನ್ನಾಗಿ ನಿದ್ದೆ ಮಾಡಿದರು.